ಡಗ್ಡೇಲನ ಆರು ವಾರ

ಬ್ರಾಕ್‌ಶಾ
೧೧ ಮಾರ್ಚ್ ೨೦೧೯

ನೆವಿಲ್,

ಒಂಬತ್ತು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ರಾಜಿಗೆ ಅಂದುಕೊಳ್ಳಬೇಡ. ಟಿಕೆಟ್ ಆಫೀಸಿನ ಕೆಲಸವೊಂದಿದೆ, ಅಷ್ಟೆ.

ಫುಟ್‌ಬಾಲ್ ಮೈದಾನದ ಕಾಲುವೆ ಬದಿಯ ಸ್ಟ್ಯಾಂಡನ್ನು ಈ ಬೇಸಿಗೆಗೆ ಕೆಡವುತ್ತಾರಲ್ಲ, ಹೊಸದರಲ್ಲಿ ಯಾರ ಪಕ್ಕ ಯಾರು ಕೂರುತ್ತೀರಿ ಎಂದು ಕೇಳಿ ಫಾರಂ ಕಳಿಸಿದ್ದರು. ನಾನು ಎರಡು ಸೀಟು ಬರೆದು ಕಳಿಸಿದೆ. ಒಂದು ನನ್ನದು, ಒಂದು ಡೊರೀನ್‌ಳದು. ಶುಕ್ರವಾರ ಆಫೀಸಿನ ಹುಡುಗಿ ಫೋನ್ ಮಾಡಿದಳು.

"ಮಿಸ್ಟರ್ ಹೋಯ್ಲ್, ನಿಮ್ಮ ಮನೆಯವರ ಸೀಸನ್ ಟಿಕೆಟ್ ನಂಬರು ಎರಡು ಫಾರಂನಲ್ಲಿ ಬಂದಿದೆ. ಒಂದ್ರಲ್ಲಿ ನಿಮ್ಮ ಪಕ್ಕ, ಇನ್ನೊಂದ್ರಲ್ಲಿ ಮಿಸ್ಟರ್ ನೆವಿಲ್ ಎಂಟ್‌ವಿಸಲ್ ಪಕ್ಕ. ಒಬ್ರನ್ನ ಎರಡು ಕಡೆ ಕೂರ್ಸೋಕಾಗಲ್ಲ ನೋಡಿ. ಅವರನ್ನೇ ಒಂದ್ನಿಮಿಷ ಕರೀತೀರಾ, ಕೇಳ್ಕೊಂಡ್ಬಿಡ್ತೀನಿ?"

"ಅವಳು ಹೊರಗೆ ಹೋಗಿದ್ದಾಳೆ" ಅಂದೆ.

ಜನವರಿಯಲ್ಲಿ ಮಣ್ಣು ಮಾಡಿ ಬಂದ ಹೆಂಡತಿಯ ಬಗ್ಗೆ ಹಾಗಂದೆ. ಸುಳ್ಳು ಹೇಳಿದೆ ಎಂದೂ ಅನಿಸಲಿಲ್ಲ. ಕ್ಲಬ್ಬಿಗೆ ನಾನು ಇನ್ನೂ ತಿಳಿಸಿಲ್ಲ. ನೀನೂ ತಿಳಿಸಿಲ್ಲ ಎಂದು ಈಗ ಗೊತ್ತಾಯಿತು.

ಹುಡುಗಿ ಹೇಳಿದ್ದು ಇಷ್ಟು: ನಾವಿಬ್ಬರೂ ಒಂದೇ ಫಾರಂಗೆ ಸಹಿ ಹಾಕಿದರೆ ಮೂರು ಸೀಟು ಸಾಲಾಗಿ ಸಿಗುತ್ತದೆ. ಹಾಕದಿದ್ದರೆ ಎರಡೂ ಫಾರಂ ರದ್ದು. ಮೇ ಮೂವತ್ತೊಂದರ ನಂತರ ಸೀಟು ಯಾರಿಗೆ ಬೇಕಾದರೂ ಹೋಗಬಹುದು. ಯಾರೋ ಬಂದು ಅವಳ ಜಾಗದಲ್ಲಿ ಕೂರುವುದನ್ನು ನಾನು ನೋಡಲಾರೆ. ನಿನ್ನ ಫಾರಂನಿಂದ ಅವಳ ಹೆಸರು ಹೊಡೆದು ಹಾಕು. ಗಂಡ ನಾನು.

ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ದನಿ ಕೇಳಬೇಕಾಗುತ್ತಿತ್ತು.

ಸೆಡ್ರಿಕ್ ಹೋಯ್ಲ್


ಬ್ರಾಕ್‌ಶಾ
೧೭ ಮಾರ್ಚ್

ಸೆಡ್ರಿಕ್,

ನಿನ್ನ ಕಾಗದ ಗುರುವಾರ ಬಂತು. ಶನಿವಾರ ಪಂದ್ಯದಲ್ಲಿ ನಿನ್ನಿಂದ ಒಂದು ಸೀಟು ಆಚೆ ಕೂತಿದ್ದಾಗ ಅದು ನನ್ನ ಕೋಟಿನ ಜೇಬಿನಲ್ಲೇ ಇತ್ತು. ತೊಂಬತ್ತು ನಿಮಿಷ ನೀನು ನನ್ನ ಕಡೆ ತಿರುಗಲಿಲ್ಲ, ನಾನೂ ತಿರುಗಲಿಲ್ಲ. ಈಗ ಮನೆಗೆ ಬಂದು ಮೂರು ಬೀದಿ ಆಚೆ ಇರುವ ನಿನಗೆ ಅಂಚೆಚೀಟಿ ಅಂಟಿಸುತ್ತಿದ್ದೇನೆ. ಯಾರಾದರೂ ಕೇಳಿದರೆ ನಮಗಿಬ್ಬರಿಗೂ ತಲೆ ಕೆಟ್ಟಿದೆ ಅಂದಾರು.

ಹೆಸರು ಹೊಡೆಯುವುದಿಲ್ಲ. ನೀನು ಅವಳ ಕೈ ಹಿಡಿಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ನಾನು ಅವಳ ಜಡೆ ಹಿಡಿದು ಎಳೆದಿದ್ದೆ. ನಮ್ಮಪ್ಪ ನಮ್ಮಿಬ್ಬರನ್ನೂ ಟೆಂಟರ್ ಲೇನ್ ಮೈದಾನಕ್ಕೆ ಕರೆದೊಯ್ದಾಗ ನಿನಗೆ ಬ್ರಾಕ್‌ಶಾ ಟೌನ್ ಎಂಬ ತಂಡ ಇದೆ ಅಂತಲೇ ಗೊತ್ತಿರಲಿಲ್ಲ. ಫಾರಂನಲ್ಲಿ "ನಿಮ್ಮ ಪಕ್ಕ ಯಾರು" ಎಂದು ಕೇಳಿತ್ತು. ನನ್ನ ಪಕ್ಕ ಡೊರೀನ್. ಪೆನ್ನು ತಾನಾಗಿ ಬರೆಯಿತು. ಬರೆದು, ಲಕೋಟೆ ಮುಚ್ಚಿ, ಡಬ್ಬಿಗೆ ಹಾಕಿ, ಮನೆ ಬಾಗಿಲು ತೆಗೆಯುವಾಗ ನೆನಪಾಯಿತು, ಅವಳಿಲ್ಲ ಎಂದು.

ನಿನ್ನೆ ಅರ್ಧ ಆಟ ಮುಗಿದಾಗ ಒಬ್ಬ ದಢೂತಿ ಮನುಷ್ಯ ಕೈಯಲ್ಲಿ ಮಾಂಸದ ಪೈ ಹಿಡಿದುಕೊಂಡು ಬಂದು, ನೀನು ಮಧ್ಯದ ಸೀಟಿನ ಮೇಲೆ ಇಡುತ್ತೀಯಲ್ಲ ಅವಳ ದಿಂಬು, ಅದನ್ನು ನೋಡಿ "ಇದು ಖಾಲಿನಾ?" ಅಂದ. ನಾವಿಬ್ಬರೂ ಒಂದೇ ಸಲ "ಇಲ್ಲ" ಅಂದೆವು. ಪಾಪ, ಹೆದರಿ ಓಡಿದ. ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದು ಅದೇ ಮೊದಲು.

ಅವಳಿದ್ದಾಗ ಎಷ್ಟು ಸಲೀಸಾಗಿತ್ತು. "ನಿನ್ನ ತಮ್ಮಂಗೆ ಹೇಳು, ಮೊಣಕೈ ತೆಗೀಲಿ" ಅಂತ ನೀನು. "ನಿನ್ನ ಗಂಡಂಗೆ ಹೇಳು, ಅದು ನನ್ನ ಮೊಣಕೈ ಅಲ್ಲ, ನಿನ್ನ ಬ್ಯಾಗು" ಅಂತ ನಾನು. "ಇಬ್ರೂ ಬಾಯಿ ಮುಚ್ಕೊಂಡು ಆಟ ನೋಡಿ, ಇಲ್ಲಾಂದ್ರೆ ಟೀ ಇಲ್ಲ" ಅಂತ ಅವಳು. ಮಾತಾಡದೆ ಎಷ್ಟೊಂದು ಮಾತಾಡುತ್ತಿದ್ದೆವು.

ಒಟ್ಟಿಗೆ ಸಹಿ ಹಾಕುವುದಾದರೆ ಹಾಕೋಣ. ಮೂರು ಸೀಟು.

ನಿನ್ನ ಹೆಂಡತಿಯ ತಮ್ಮ,
ನೆವಿಲ್


ಬ್ರಾಕ್‌ಶಾ
೧ ಏಪ್ರಿಲ್

ನೆವಿಲ್,

ಶನಿವಾರ ನಾವು ಗೆದ್ದೆವಂತೆ. ಎಲ್ಲರೂ ಎದ್ದು ನಿಂತರು, ಕೂತರು. ಕೂತ ಮೇಲೆ ನನಗೆ ಗೋಲ್ ಆಯಿತೆಂದು ತಿಳಿಯಿತು. ಹೊಡೆದವನು ಯಾರು ಎಂದು ಬಸ್ಸಿನಲ್ಲಿ ಯಾರೋ ಮಾತಾಡಿಕೊಳ್ಳುವಾಗ ಕೇಳಿಸಿಕೊಂಡೆ. ಈಗ ಮರೆತಿದೆ.

ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ. ಚರ್ಚಿನ ಪಾದ್ರಿ ಬಂದು "ಅತ್ತುಬಿಡಿ ಸೆಡ್ರಿಕ್, ಹಗುರಾಗ್ತೀರಿ" ಅಂದರು. ಭಾರವಾಗಿದ್ದರೆ ತಾನೇ ಹಗುರಾಗುವುದು. ನನಗೆ ಏನೂ ಆಗುತ್ತಿಲ್ಲ. ಕೆಲಸದಲ್ಲಿದ್ದಾಗ ಬಸ್ ಡಿಪೋದಲ್ಲಿ ಇಡೀ ದಿನ ಇಂಜಿನ್ ಸದ್ದಿನ ಮಧ್ಯೆ ಇದ್ದು ಹೊರಗೆ ಬಂದಾಗ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಈಗ ಮೈಯೆಲ್ಲ ಹಾಗಿದೆ.

ಸಹಿಯ ವಿಷಯ. ಹಾಕುತ್ತೇನೆ, ಆದರೆ ಒಂದು ಷರತ್ತು. ಹೊಸ ಸ್ಟ್ಯಾಂಡಿಗೆ ತಂಡದ ಯಾವ ಹಳೆಯ ಮ್ಯಾನೇಜರ್ ಹೆಸರಿಡಬೇಕೆಂದು ಓಟು ನಡೆಯುತ್ತಿದೆಯಲ್ಲ. ಲೆನ್ ಟಾಸ್ಕರ್‌ಗೆ ಆದದ್ದು ಅನ್ಯಾಯ ಎಂದು ನೀನು ಬರೆದುಕೊಡಬೇಕು. ಟಾಸ್ಕರ್ ಆರು ವರ್ಷದಲ್ಲಿ ನಮ್ಮನ್ನು ಲೀಗಿನಲ್ಲಿ ಎರಡು ಡಿವಿಷನ್ ಮೇಲೆ ಏರಿಸಿದ. ಒಂದು ಗೋಲ್ ಹೊಡಿ, ಬಾಗಿಲು ಹಾಕು ಎನ್ನುವ ಆಟ, ನೋಡಲು ಚೆಂದವಿಲ್ಲ, ಒಪ್ಪುತ್ತೇನೆ. ನಾನೂ ನೋಡಲು ಚೆಂದವಿಲ್ಲ. ಹಗಲೂ ರಾತ್ರಿ ದುಡಿಯುವ ಮನುಷ್ಯ ಹೇಗೋ ಹಾಗೆ ಅವನ ತಂಡ. ಏಳು ಪಂದ್ಯ ಸೋತ ಎಂದು ನವೆಂಬರಿನಲ್ಲಿ ಅವನನ್ನು ಓಡಿಸಿದರು. ಓಡಿಸಿ ಎಂದು ಅಧ್ಯಕ್ಷರಿಗೆ ಗುಟ್ಟಾಗಿ ಕಾಗದ ಬರೆದ ಐವರಲ್ಲಿ ನೀನೊಬ್ಬ.

ಅದನ್ನು ನನಗೆ ನೀನು ಹೇಳಲಿಲ್ಲ. ಹೊಸ ಮ್ಯಾನೇಜರ್ ರಶ್‌ವರ್ತ್‌ನನ್ನು ಬರಮಾಡಿಕೊಂಡ ಸಂಜೆ ಅಧ್ಯಕ್ಷರು ಮೈಕಿನಲ್ಲಿ ಐದೂ ಹೆಸರು ಓದಿ ಧನ್ಯವಾದ ಹೇಳಿದರು. ನಾನು ಮೂರು ಲೋಟ ಬಿಯರ್ ಹಿಡಿದು ನಿಂತಿದ್ದೆ. ಒಂದು ನಿನ್ನದು.

ಸೆಡ್ರಿಕ್


ಬ್ರಾಕ್‌ಶಾ
೬ ಏಪ್ರಿಲ್

ಸೆಡ್ರಿಕ್,

ಬರೆದುಕೊಡುವುದಿಲ್ಲ. ಟಾಸ್ಕರ್ ಹೋಗಬೇಕಿತ್ತು. ಅವನ ಕೊನೆಯ ವರ್ಷ ಟೆಂಟರ್ ಲೇನ್‌ನಲ್ಲಿ ಜನ ಆಟ ನೋಡುವುದು ಬಿಟ್ಟು ಕಾಲುವೆಯ ಬಾತುಕೋಳಿ ಎಣಿಸುತ್ತಿದ್ದರು. ರಶ್‌ವರ್ತ್ ಬಂದ ಮೇಲೆ ಚೆಂಡು ನೆಲದ ಮೇಲೆ ಓಡಿತು. ಎರಡೇ ವರ್ಷದಲ್ಲಿ ನಮ್ಮನ್ನು ಕೆಳಗೆ ಇಳಿಸಿದ, ನಿಜ. ಇಳಿಯುವಾಗಲೂ ಹಾಡಿಕೊಂಡು ಇಳಿದೆವು. ನನ್ನ ಮೆಚ್ಚಿನ ಮ್ಯಾನೇಜರ್ ಅವನೇ, ಸಾಯುವವರೆಗೂ.

ಆದರೆ ನಿನಗೆ ಹೇಳದೆ ಕಾಗದ ಬರೆದದ್ದು ತಪ್ಪು. ನಿನ್ನ ಜೊತೆ ಪ್ರತಿ ಶನಿವಾರ ಭುಜಕ್ಕೆ ಭುಜ ತಾಗಿಸಿ ಕೂತು, ನೀನು ಟಾಸ್ಕರ್ ಪರ ಕೂಗುವಾಗ ತಲೆ ಆಡಿಸುತ್ತಾ, ಸೋಮವಾರ ಹೋಗಿ ಅವನ ಕುತ್ತಿಗೆಗೆ ಕತ್ತಿ ಇಟ್ಟೆ. ಹೇಡಿತನ ಅದು. ಒಂಬತ್ತು ವರ್ಷ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಈಗ ಬರೆದಿದ್ದೇನೆ. ತಗೋ.

ಇನ್ನೊಂದಿದೆ. ಕೂತುಕೊಂಡು ಓದು.

ಆಸ್ಪತ್ರೆಗೆ ಮಂಗಳವಾರ ನಾನು, ಉಳಿದ ದಿನ ನೀನು, ಇಬ್ಬರೂ ಎದುರಾಗದ ಹಾಗೆ ಅವಳೇ ಹಂಚಿಕೊಟ್ಟಿದ್ದಳಲ್ಲ. ಅವಳ ಕೊನೆಯ ಮಂಗಳವಾರ ಮ್ಯಾನೇಜರ್ ಓಟಿನ ಚೀಟಿ ತುಂಬಿ, ಮಡಚಿ ನನ್ನ ಕೈಗಿಟ್ಟಳು. "ಗೇಟಿನ ಹತ್ರ ಡಬ್ಬಿ ಇಟ್ಟಿದ್ದಾರಂತಲ್ಲ, ಹಾಕ್ಬಿಡು. ತೆಗೆದು ನೋಡ್ಬೇಡ, ನಿನ್ ಬುದ್ಧಿ ನಂಗೊತ್ತು" ಅಂದಳು.

ಬಸ್ಸಿನಲ್ಲೇ ತೆಗೆದು ನೋಡಿದೆ. ಗಂಡನ ಕಡೆಯೋ, ತಮ್ಮನ ಕಡೆಯೋ ಎಂದು ತಿಳಿಯಬೇಕಿತ್ತು. ಒಂಬತ್ತು ವರ್ಷ ಕೇಳಿದರೂ ಅವಳು ಬಾಯಿ ಬಿಟ್ಟಿರಲಿಲ್ಲ. ಚೀಟಿಯಲ್ಲಿ ಟಾಸ್ಕರ್ ಇಲ್ಲ, ರಶ್‌ವರ್ತ್ ಇಲ್ಲ. ಆಲ್ಫ್ ಡಗ್ಡೇಲ್ ಎಂದು ಬರೆದಿದ್ದಳು. ಟಾಸ್ಕರ್ ಹೋಗಿ ರಶ್‌ವರ್ತ್ ಬರುವವರೆಗೆ ಆರು ವಾರ ಹಂಗಾಮಿಯಾಗಿ ಕೂರಿಸಿದ್ದರಲ್ಲ, ಆಟಗಾರರ ಕಾಲು ತಿಕ್ಕುತ್ತಿದ್ದ ಆ ಮುದುಕ. ಆರು ಪಂದ್ಯ, ನಾಲ್ಕು ಸೋಲು, ಎರಡು ಡ್ರಾ. ಅವನು! ಕಾರಣ ಬರೆಯುವ ಸಾಲಿನಲ್ಲಿ "ಪಕ್ಕದವರನ್ನು ಕೇಳಿ" ಎಂದಿತ್ತು.

ಮದ್ದಿನ ಮಂಪರು ಅಂದುಕೊಂಡೆ. ಹಾಕಿದರೆ ಎಣಿಸುವವರು ನಗುತ್ತಾರೆ, ಸಾಯುವ ಹೆಂಗಸನ್ನು ನೋಡಿ ಯಾರೂ ನಗಬಾರದು ಎಂದು ಹಾಕಲಿಲ್ಲ. ಮೂವತ್ತೆಂಟು ವರ್ಷ ಊರಿಗೆಲ್ಲ ಅಂಚೆ ಹಂಚಿದವನು, ಅಕ್ಕ ಕೊಟ್ಟ ಒಂದು ಚೀಟಿ ತಲುಪಿಸಲಿಲ್ಲ. ನನ್ನ ಮೇಜಿನ ಖಾನೆಯಲ್ಲಿದೆ.

ಬೈಯುವುದಾದರೆ ಬೈದು ಬರೆ.

ನೆವಿಲ್


ಬ್ರಾಕ್‌ಶಾ
೧೫ ಏಪ್ರಿಲ್

ಸೆಡ್ರಿಕ್,

ಶನಿವಾರ ನೀನು ಬರಲಿಲ್ಲ. ಮೂವತ್ತೆರಡು ವರ್ಷದಲ್ಲಿ ನೀನು ತಪ್ಪಿಸಿದ ಟೆಂಟರ್ ಲೇನ್ ಪಂದ್ಯ ಬೆರಳಲ್ಲಿ ಎಣಿಸಬಹುದು. ದಿಂಬೂ ಇಲ್ಲ. ಎರಡು ಸೀಟು ಖಾಲಿ, ಆಚೆ ತುದಿಯಲ್ಲಿ ನಾನು. ಹಿಂದಿನ ಸಾಲಿನ ಮೌರೀನ್ "ಎಲ್ರೂ ಎಲ್ಲೋದ್ರು ನೆವಿಲ್?" ಅಂದಳು. "ಬರ್ತಾರೆ" ಅಂದೆ.

ಫ್ಲಾಸ್ಕು ತಂದಿರಲಿಲ್ಲ. ಅಂಗಡಿಯ ಟೀ ಕುಡಿದೆ. ಪಾತ್ರೆ ತೊಳೆದ ನೀರು.

ಆರೋಗ್ಯವಾಗಿದ್ದೀಯೋ ಇಲ್ಲವೋ ಅಷ್ಟನ್ನಾದರೂ ಬರೆ. ಓಟು ಇಪ್ಪತ್ತೇಳಕ್ಕೆ ಮುಗಿಯುತ್ತದೆ. ಚೀಟಿ ಹಾಕಲೋ ಬೇಡವೋ, ನೀನೇ ಹೇಳಬೇಕು.

ನೆವಿಲ್


ಬ್ರಾಕ್‌ಶಾ
೨೨ ಏಪ್ರಿಲ್

ನೆವಿಲ್,

ಆರೋಗ್ಯವಾಗಿದ್ದೇನೆ. ಆ ಶನಿವಾರ ಕೋಟು ಹಾಕಿಕೊಂಡು, ದಿಂಬು ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಬಂದೆ. ಅಲ್ಲಿಂದ ಮುಂದೆ ಕಾಲು ಬರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಕಿಟಕಿಯಿಂದ ಜನ ಕೂಗುವುದು ಕೇಳುತ್ತಿತ್ತು. ಐದು ಗಂಟೆಗೆ ಎಲ್ಲರೂ ಮನೆಗೆ ಹೋದರು, ನಾನು ಎದ್ದು ಕೋಟು ತೆಗೆದೆ.

ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿ ಎಂದು ಕಾದೆ. ಬರಲಿಲ್ಲ.

ಅವಳಿಗೆ ಮಂಪರಿರಲಿಲ್ಲ, ದಡ್ಡ. ಡಗ್ಡೇಲನ ಆರು ವಾರ ನೆನಪು ಮಾಡಿಕೋ. ಟಾಸ್ಕರ್ ಹೋಗಿದ್ದ, ನನಗೆ ಹೊಗಳಲು ಯಾರೂ ಇರಲಿಲ್ಲ. ರಶ್‌ವರ್ತ್ ಬಂದಿರಲಿಲ್ಲ, ನಿನಗೂ ಯಾರೂ ಇರಲಿಲ್ಲ. ನಿನ್ನ ಕಾಗದದ ವಿಷಯ ನನಗೆ ಗೊತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಆ ಪಂದ್ಯ, ಸೊನ್ನೆಗೆ ಐದು ಗೋಲು ತಿಂದದ್ದು, ನೆನಪಿದೆಯಾ? ನಮ್ಮ ಹುಡುಗನೊಬ್ಬ ಬಿದ್ದ. ತಾನೀಗ ಮ್ಯಾನೇಜರ್ ಎಂಬುದನ್ನೇ ಮರೆತು ಡಗ್ಡೇಲ್ ಬಕೆಟ್ಟು, ಸ್ಪಂಜು ಹಿಡಿದು ಮೈದಾನಕ್ಕೆ ಓಡಿದ. ರೆಫರಿ "ಬದಲಿ ಆಟಗಾರ ಯಾರು?" ಅಂತ ಕೇಳಿದರೆ "ಮ್ಯಾನೇಜರನ್ನ ಕೇಳ್ರಿ, ನಂಗೇನ್ ಗೊತ್ತು" ಅಂದನಂತೆ. ನೀನು ನಕ್ಕು ಮೂಗಿನಿಂದ ಬಂದ ಟೀಯೆಲ್ಲ ನನ್ನ ಹೊಸ ಕೋಟಿನ ಮೇಲೆ. ನಾನು ನಿನ್ನ ಹೆಗಲು ಹಿಡಿದುಕೊಂಡು ನಗುತ್ತಿದ್ದೆ. ಬಿಟ್ಟರೆ ಬೀಳುತ್ತಿದ್ದೆ.

ಆಗಿನ್ನೂ ಅವಳು ತುದಿಯ ಸೀಟಿನಲ್ಲಿ ಕೂರುತ್ತಿದ್ದಳು, ನಾವಿಬ್ಬರೂ ಅಕ್ಕಪಕ್ಕ. "ಇನ್ನೂ ಐದು ತಿನ್ಲಿ ಬಿಡ್ರೋ, ಈ ಮನುಷ್ಯ ಇಲ್ಲೇ ಇರ್ಲಿ" ಅಂದಳು. ಗೋಲಿನ ಬಗ್ಗೆ ಅಲ್ಲ ಅವಳು ಹೇಳಿದ್ದು. ಜನವರಿಯಲ್ಲಿ ನಾನು ಮಾತು ಬಿಟ್ಟ ಮೇಲೆ ತಾನೇ ಎದ್ದು ಬಂದು ಮಧ್ಯದಲ್ಲಿ ಕೂತಳು. ಅಲ್ಲಿ ಅವಳಿಗೆ ಕಾಲು ಚಾಚಲು ಜಾಗವಿರಲಿಲ್ಲ. ಮಂಡಿ ನೋವು ಎನ್ನುತ್ತಿದ್ದಳು. ತುದಿಗೆ ಹೋಗು ಎಂದು ಒಂದು ದಿನವೂ ನಾನು ಹೇಳಲಿಲ್ಲ. ಅವಳು ಎದ್ದರೆ ನೀನು ನನ್ನ ಪಕ್ಕಕ್ಕೆ ಬರುತ್ತಿದ್ದೆಯಲ್ಲ, ಅದಕ್ಕೆ.

ಚೀಟಿ ಹಾಕು. ನಗುವವರು ನಗಲಿ. ಅವಳಿಗೆ ಬೇಕಿದ್ದದ್ದೂ ಅದೇ.

ಸೆಡ್ರಿಕ್


ಬ್ರಾಕ್‌ಶಾ
೫ ಮೇ

ನೆವಿಲ್,

ನಿನ್ನೆಯ ಕೊನೆಯ ಪಂದ್ಯಕ್ಕೂ ನಾನು ಬರಲಿಲ್ಲ ಎಂದು ನೀನು ಅಂದುಕೊಂಡಿರಬೇಕು. ಬಂದಿದ್ದೆ. ನಮ್ಮ ಸಾಲಿಗೆ ಬರಲಾಗದೆ ಮೇಲೆ ಬಾಗಿಲ ಹತ್ತಿರ ನಿಂತು ನೋಡಿದೆ. ನೀನು ಮಧ್ಯದ ಸೀಟಿನ ಮೇಲೆ ನಿನ್ನ ಟೋಪಿ ಇಟ್ಟಿದ್ದೆ. ಮಳೆಯಲ್ಲಿ ಬೋಳು ತಲೆ ನೆನೆಸಿಕೊಂಡು ಕೂತಿದ್ದೆ.

ಪಂದ್ಯದ ಪುಸ್ತಿಕೆ ಕೊಂಡೆ. ಹದಿನಾಲ್ಕನೆಯ ಪುಟದಲ್ಲಿ ಓಟಿನ ಫಲಿತಾಂಶ ಹಾಕಿದ್ದಾರೆ. ಟಾಸ್ಕರ್ ಗೆದ್ದ. ಸ್ಟ್ಯಾಂಡಿಗೆ ಅವನ ಹೆಸರೇ. ಒಂಬತ್ತು ವರ್ಷದಿಂದ ಈ ದಿನಕ್ಕೆ ಕಾದಿದ್ದೆ, ಓದಿ ಮಡಚಿ ಜೇಬಿಗಿಟ್ಟೆ, ಅಷ್ಟೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಪಟ್ಟಿಯ ತಳ ನೋಡಿದೆ. ಎಲ್ಲರಿಗಿಂತ ಕೆಳಗೆ, ಆಲ್ಫ್ ಡಗ್ಡೇಲ್. ಎರಡು.

ಒಂದು ಅವಳದು. ಇನ್ನೊಂದು ನನ್ನದಲ್ಲ ನೆವಿಲ್. ನನ್ನ ಚೀಟಿ ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂತಿದ್ದೆ. ಡಗ್ಡೇಲ್ ಎಂದು ಬರೆಯಬೇಕೆಂದೇ ಕೂತಿದ್ದು. ಕೈ ಟಾಸ್ಕರ್ ಎಂದು ಬರೆಯಿತು. ನಲವತ್ತೆಂಟು ವರ್ಷ ಜೊತೆಗಿದ್ದವಳಿಗೆ ಒಂದು ಓಟು ಕೊಡಲು ನನ್ನಿಂದ ಆಗಲಿಲ್ಲ. ಅಷ್ಟು ಹಠ ನನಗೆ. ನೀನು ಹೇಗೆ ಬರೆದೆ? ಸಾಯುವವರೆಗೂ ರಶ್‌ವರ್ತ್ ಎಂದಿದ್ದೆಯಲ್ಲ.

ಈ ಸಾಲು ಬರೆಯುವಾಗ ಕಾಗದ ಒದ್ದೆಯಾಗಿದೆ. ಇದೇ ಮೊದಲು. ಅಕ್ಷರ ಕಾಣದಿದ್ದರೆ ಕ್ಷಮಿಸು.

ಸೆಡ್ರಿಕ್


ಬ್ರಾಕ್‌ಶಾ
೯ ಮೇ

ಸೆಡ್ರಿಕ್,

ಅಕ್ಷರ ಕಾಣುತ್ತದೆ.

ಹೇಗೆ ಬರೆದೆ ಎಂದರೆ, ಕಣ್ಣು ಮುಚ್ಚಿಕೊಂಡು ಬರೆದೆ. ರಶ್‌ವರ್ತ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಅಕ್ಕನ ಚೀಟಿ ತಡೆದಿಟ್ಟ ತಪ್ಪಿಗೆ ಬೇರೆ ದಾರಿ ತೋಚಲಿಲ್ಲ. ನೀನು ಟಾಸ್ಕರ್‌ಗೆ ಹಾಕಿದ್ದಕ್ಕೆ ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಡಗ್ಡೇಲ್‌ಗೆ ಹಾಕಿದ್ದರೆ ಡಾಕ್ಟರನ್ನು ಕರೆಸುತ್ತಿದ್ದಳು.

ಫಾರಂ ತುಂಬಿ ಇದರ ಜೊತೆ ಇಟ್ಟಿದ್ದೇನೆ. ಮೂರು ಸೀಟು, ಮಧ್ಯದ್ದು ಅವಳದು. ನನ್ನ ಸಹಿ ಹಾಕಿದ್ದೇನೆ. ನಿನ್ನದು ಹಾಕಿ ಆಫೀಸಿಗೆ ಕೊಡು. ತಡ ಮಾಡಬೇಡ. ನನ್ನ ಸೊಂಟ ಈಗ ಮೆಟ್ಟಿಲು ಹತ್ತಲು ಒಪ್ಪುತ್ತಿಲ್ಲ, ಆಫೀಸು ಮೂರನೆಯ ಮಹಡಿ.

ಅವಳ ಫ್ಲಾಸ್ಕಿನಲ್ಲಿ ಇನ್ನು ನೀನು ತರುವ ಟೀಗೆ ಕಾಯುತ್ತಿರುವ,
ನೆವಿಲ್


ಬ್ರಾಕ್‌ಶಾ
೨೯ ಮೇ

ನೆವಿಲ್,

ಇವತ್ತು ಆಫೀಸಿಗೆ ಹೋಗಿದ್ದೆ. ಫೋನಿನಲ್ಲಿ ಮಾತಾಡಿದ್ದ ಹುಡುಗಿಯೇ ಇದ್ದಳು. "ನಿಮ್ಮ ಮನೆಯವರು ಒಪ್ಪಿದ್ರಾ?" ಅಂದಳು. ಆಗ ಹೇಳಿದೆ. ಜನವರಿಯಲ್ಲಿ ತೀರಿಕೊಂಡಳು ಎಂದು, ಜೋರಾಗಿ, ಸಾಲಿನಲ್ಲಿ ನಿಂತವರಿಗೂ ಕೇಳುವ ಹಾಗೆ. ಹುಡುಗಿ ಪೆನ್ನು ಕೆಳಗಿಟ್ಟಳು. "ಆದ್ರೂ ಇರ್ಲಿ ಬಿಡಿ, ನಾನೇನೂ ನೋಡಿಲ್ಲ, ಮೂರೂ ಇಡ್ತೀನಿ" ಅಂದಳು. ಒಳ್ಳೆಯ ಹುಡುಗಿ.

ಬೇಡ ಅಂದೆ.

ನಿನ್ನನ್ನು ಕೇಳದೆ ಮಾಡಿದ್ದೇನೆ, ಬೈಯಬೇಡ. ಫಾರಂನಲ್ಲಿ ಮೂರು ಎಂದಿದ್ದನ್ನು ಹೊಡೆದು ಎರಡು ಎಂದು ಬರೆದೆ. ಅವಳ ಸೀಟು ಇಟ್ಟುಕೊಂಡರೆ ನಾವು ಮತ್ತೆ ಅದರ ಆಚೆಗೊಬ್ಬ ಈಚೆಗೊಬ್ಬ ಕೂತು ಸಾಯುವವರೆಗೂ ಕಾಗದ ಬರೆಯುತ್ತೇವೆ. ಒಂಬತ್ತು ವರ್ಷ ಅವಳನ್ನು ಮಧ್ಯದಲ್ಲಿ ಕೂರಿಸಿದ್ದು ಸಾಕು. ಏಳನೆಯ ಸಾಲು, ಹನ್ನೊಂದು ಮತ್ತು ಹನ್ನೆರಡು. ತುದಿಯದು ನಿನಗೆ, ಕಾಲು ಚಾಚಬಹುದು.

ಆಗಸ್ಟಿನ ಮೊದಲ ಶನಿವಾರ ಟಾಸ್ಕರ್ ಸ್ಟ್ಯಾಂಡಿನ ಗೇಟಿನಲ್ಲಿ ಎರಡೂವರೆಗೆ ನಿಂತಿರುತ್ತೇನೆ. ಆ ಹೆಸರಿಗೆ ನೀನು ಏನೇನು ಬೈಯಬೇಕೋ ಅಲ್ಲೇ ಬೈ, ಕೇಳಿಸಿಕೊಳ್ಳುತ್ತೇನೆ. ಹೊಸ ಸೀಟು ಗಟ್ಟಿ ಪ್ಲಾಸ್ಟಿಕ್ಕಂತೆ. ಅವಳ ದಿಂಬು ತರುತ್ತೇನೆ, ನಿನ್ನ ಸೊಂಟಕ್ಕೆ.

ಇನ್ನು ಉಳಿದದ್ದು ಬಾಯಲ್ಲಿ,
ಸೆಡ್ರಿಕ್